ಭಾವ ಕೆಮ್ಮಿ ಹಗೆ ಸಾಧಿಸಿದ್ದು

ನಮ್ಮ ಭಾವ ಗಾಜು ಹೊರುವವರು. ಹೀಗೆಂದ ಕೂಡಲೇ ಕೆಲವರು ಲೋಟ, ಸೀಸೆ ಎಂದುಕೊಳ್ಳುತ್ತಾರೆ. ಅಲ್ಲ. ದೊಡ್ಡ ಅಂಗಡಿಗಳ ಮುಂಭಾಗದಲ್ಲಿ ಗೋಡೆಯ ಬದಲು ನಿಲ್ಲಿಸುತ್ತಾರಲ್ಲ, ಆಳೆತ್ತರದ ಹಾಳೆ, ಅದನ್ನು. ಅಂಥದ್ದನ್ನು ಒಬ್ಬರೇ ಎತ್ತುವುದು ಆಗದ ಮಾತು. ನೆಟ್ಟಗೆ ಹಿಡಿದ ಹಾಳೆಯ ಆ ತುದಿಗೊಬ್ಬ, ಈ ತುದಿಗೊಬ್ಬ ಬೇಕು. ಮುಂದಿನವನು ಗಾಜಿನ ಕಡೆ ಮುಖ ಮಾಡಿ ಹಿಮ್ಮುಖವಾಗಿ ನಡೆಯುತ್ತಾನೆ. ಹಾಗಾಗಿ ಮುಂದೆ ಹೋಗುವವನಿಗೆ ಮುಂದೇನಿದೆ ಎಂಬುದೇ ಕಾಣುವುದಿಲ್ಲ. ಹಿಂದಿನವನು "ಮೆಟ್ಟಿಲು", "ನಿಲ್ಲು", "ಎಡಕ್ಕೆ" ಎಂದು ಕೂಗಿ ಹೇಳಬೇಕು. ಭಾವ ಹಿಂದಿನ ತುದಿಯವರು. ಅವರು ಬಾಯಿ ಮುಚ್ಚಿಕೊಂಡರೆ ಮುಂದಿನವನ ಬೆನ್ನು ಯಾವ ಕಂಬಕ್ಕೆ ಬಡಿಯುತ್ತದೋ ದೇವರೇ ಬಲ್ಲ.

ಇಂಥ ಭಾವ, ಮುಂದಿನ ತುದಿಯ ಜೊತೆಗಾರನ ಸಂಗಡ ಮಾತು ಬಿಟ್ಟರು.

ನಾನು ಅಕ್ಕನ ಮನೆಯ ಮಹಡಿಯ ಕೋಣೆಯಲ್ಲಿರುವವಳು. ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ. ಸುದ್ದಿ ಕೇಳಿದಾಗ ನನ್ನ ಕೈಯ ಚಹಾ ತುಳುಕಿ ಸೀರೆಯ ಮೇಲೆ ಬಿತ್ತು. ನಾನು ಬಿಸಿಗೆ ಹೆದರಲಿಲ್ಲ. ಇಬ್ಬರು ಗಂಡಸರು ಒಂದು ಹಾಳೆ ಗಾಜು ಹಿಡಿದು, ಪರಸ್ಪರ ಮಾತಿಲ್ಲದೆ, ಬಸ್ಸು ಓಡಾಡುವ ಬೀದಿ ದಾಟುವ ಚಿತ್ರ ಕಣ್ಣ ಮುಂದೆ ಬಂದು ಹೆದರಿದೆ.

ಕಾರಣವೇನು ಎಂದರೆ ಒಂದೇ ಒಂದು ಶಬ್ದ. ಯಾವುದೋ ಬಟ್ಟೆ ಅಂಗಡಿಗೆ ಗಾಜು ಕೂರಿಸಿ ಇಬ್ಬರೂ ನೀರು ಕುಡಿಯುತ್ತ ನಿಂತಿದ್ದಾಗ ಅಂಗಡಿಯಾಕೆ ಕಣ್ಣರಳಿಸಿ, "ಅಬ್ಬಬ್ಬಾ, ಇಷ್ಟು ದೊಡ್ಡದನ್ನ ಹೆಂಗಪ್ಪಾ ತಂದ್ರಿ?" ಎಂದಿದ್ದಾಳೆ. ಭಾವ ವಿವರವಾಗಿ ಹೇಳೋಣವೆಂದು ಲೋಟ ಕೆಳಗಿಡುವಷ್ಟರಲ್ಲಿ ಜೊತೆಗಾರ, "ನಾನು ಮುಂದೆ ಹೋಗ್ತೀನಮ್ಮ, ಇವರು ಸುಮ್ನೆ ಹಿಂದೆ ಹಿಡ್ಕೊಂಡು ಬರ್ತಾರೆ" ಎಂದುಬಿಟ್ಟನಂತೆ.

"ಸುಮ್ನೆ ಅಂತೆ ಕಣೇ! ಸುಮ್ನೆ!" ಭಾವ ಅಡುಗೆಮನೆಯ ಬಾಗಿಲಲ್ಲಿ ನಿಂತು ಅಕ್ಕನಿಗೆ ಹೇಳಿದರು. ಮುಖ ಕಾದ ಹೆಂಚಿನ ಹಾಗಿತ್ತು.

"ಬಾಯಿ ತಪ್ಪಿ ಅಂದಿರ್ತಾನೆ ಬಿಡ್ರೀ."

"ಅವನ ಬಾಯಿ ತಪ್ಪಬಹುದು. ನನ್ನ ಬಾಯಿ ಒಂದಿನ ತಪ್ಪಿದ್ರೆ ಅವನು ಚರಂಡೀಲಿ ಇರ್ತಾನೆ, ಅದು ಗೊತ್ತಾ ಅವನಿಗೆ?"

"ಹಂಗಂತ ಅವನ ಹತ್ರಾನೇ ಹೇಳಿ ಮತ್ತೆ. ನನ್ನ ಹತ್ರ ಹೇಳಿದ್ರೆ ನಾನೇನು ಗಾಜು ಹೊರ್ತೀನಾ?"

"ನಾನು ಹೇಳೋದಾ? ನಾನಾ? ಮಾತು ಬಿಟ್ಟಾಯ್ತು. ತಾನಾಗೇ ಬಂದು ಕಾಲು ಹಿಡೀಲಿ. ಅಲ್ಲೀವರೆಗೂ ಒಂದಕ್ಷರ ಆಡಲ್ಲ."

ನಾನು ತಡೆಯಲಾರದೆ ಕೇಳಿದೆ: "ಭಾವ, ಹೋಗ್ತಾ ಹೋಗ್ತಾ ಮೆಟ್ಟಿಲು ಬಂದ್ರೆ?"

ಭಾವ ನನ್ನ ಕಡೆ ತಿರುಗಿ, ಬಹಳ ಹಿಂದೆಯೇ ಯೋಚಿಸಿಟ್ಟವರ ಹಾಗೆ ಶಾಂತವಾಗಿ ಹೇಳಿದರು: "ಕೆಮ್ತೀನಿ."

ಹೇಳಿದಂತೆಯೇ ಕೆಮ್ಮಿದರು. ಒಂದು ಕೆಮ್ಮಿಗೆ ನಿಲ್ಲುವುದು, ಎರಡು ಕೆಮ್ಮಿಗೆ ಮೆಟ್ಟಿಲು. ಗಂಟಲಿನಿಂದ ಒಂದು ಉದ್ದನೆಯ ಗೊರಗೊರ ಬಂದರೆ ಪಕ್ಕಕ್ಕೆ ಸರಿಯುವುದು. ಜೊತೆಗಾರ ಮೊದಲ ದಿನ ಒಂದು ಹೂಕುಂಡಕ್ಕೂ ಒಬ್ಬ ಪೋಸ್ಟ್‌ಮ್ಯಾನ್‌ಗೂ ಬೆನ್ನು ಕೊಟ್ಟು ಡಿಕ್ಕಿ ಹೊಡೆದ. ಆಮೇಲೆ ಕಲಿತುಬಿಟ್ಟ. ಭಾವನ ಗಂಟಲು ಅಲ್ಲಾಡಿದರೆ ಸಾಕು, ಕಾಲು ತಾನಾಗಿ ನಿಲ್ಲುವಷ್ಟು ಚೆನ್ನಾಗಿ ಕಲಿತ.

ಭಾವ ಗಾಜಂಗಡಿಯಲ್ಲಿ ಆಡದ ಮಾತನ್ನೆಲ್ಲ ಮನೆಗೆ ಹೊತ್ತು ತಂದು ನಮ್ಮ ಮೇಲೆ ಸುರಿಯತೊಡಗಿದರು. ಊಟಕ್ಕೆ ಕೂತರೆ ಜೊತೆಗಾರ, ಎದ್ದರೆ ಜೊತೆಗಾರ. ತುತ್ತು ಬಾಯಿಗಿಟ್ಟುಕೊಂಡು ಅವನನ್ನು ನೆನೆದರೆ ಅದನ್ನು ಅಗಿಯುವ ರೀತಿ ನೋಡಿಯೇ ನನಗೆ ಭಯವಾಗುತ್ತಿತ್ತು. ಮೊದಲು ಎದೆಯುರಿ ಶುರುವಾಯಿತು. ಆಮೇಲೆ ದವಡೆ ಬಿಗಿದು ಆಕಳಿಸುವುದೂ ಕಷ್ಟವಾಯಿತು. ನಿದ್ದೆ ಹೋಯಿತು, ಬೆಲ್ಟಿಗೆ ಅಕ್ಕ ಹೊಸ ತೂತು ಹಾಕಿಕೊಟ್ಟಳು. ನಾನು ಹೇಳಿದೆ, ಡಾಕ್ಟರಿಗೆ ತೋರಿಸೋಣ ಎಂದು. ಭಾವ ಒಪ್ಪಲಿಲ್ಲ. ಗೆಲ್ಲುತ್ತಿರುವವರು ಡಾಕ್ಟರ ಹತ್ತಿರ ಯಾಕೆ ಹೋಗುತ್ತಾರೆ?

ಹೌದು, ತಾವು ಗೆಲ್ಲುತ್ತಿದ್ದೇವೆ ಎಂದೇ ಅವರ ನಂಬಿಕೆ. ದಿನಾ ಸಂಜೆ ಬಂದು ಸಾಕ್ಷಿ ಒಪ್ಪಿಸುತ್ತಿದ್ದರು.

"ಇವತ್ತು ಭಾರ ಇರೋ ಕಡೆ ತಾನೇ ಹಿಡ್ಕೊಂಡ. ಹೆದರಿದ್ದಾನೆ."

"ಪಾಪ, ಒಳ್ಳೇವನಲ್ವೇನ್ರೀ?" ಅಕ್ಕ ಕೇಳಿದಳು.

"ಒಳ್ಳೇವನಲ್ಲ, ಪಶ್ಚಾತ್ತಾಪ. ಇವತ್ತು ಮನೆಯಿಂದ ಫ್ಲಾಸ್ಕಲ್ಲಿ ಬಿಸಿನೀರು ತಂದು ನನ್ನ ಮುಂದೆ ಇಟ್ಟ."

"ಕುಡಿದ್ರಾ?"

"ಕುಡಿದೆ. ಆದ್ರೆ ಮುಖ ಆ ಕಡೆ ತಿರುಗಿಸ್ಕೊಂಡು ಕುಡಿದೆ."

ಒಂದು ಶನಿವಾರವಂತೂ ಹಿಗ್ಗಿ ಹೀರೇಕಾಯಾಗಿ ಬಂದರು. "ಯಜಮಾನರ ಹತ್ರ ನಿಂತ್ಕೊಂಡು ನನ್ನ ಕಡೆ ನೋಡ್ತಾ ಏನೋ ಹೇಳ್ತಿದ್ದ. ಕಣ್ಣಲ್ಲಿ ನೀರು! ಇನ್ನೇನು, ನಾಳೆ ನಾಡಿದ್ದರಲ್ಲಿ ಬಂದು ಕಾಲಿಗೆ ಬೀಳ್ತಾನೆ, ನೋಡ್ತಿರಿ."

ಬಂದದ್ದು ಮಾರನೆಯ ಬೆಳಿಗ್ಗೆಯೇ. ಭಾನುವಾರ. ಭಾವ ಬಚ್ಚಲಿನಲ್ಲಿದ್ದರು. ನಾನು ಬಾಗಿಲು ತೆಗೆದೆ. ಹೊಸ್ತಿಲಾಚೆ ಜೊತೆಗಾರ, ಕೈಯಲ್ಲಿ ಒಂದು ಚೀಲ ಮೂಸಂಬಿ. ಅವನನ್ನು ನೋಡಿ ನಾನು ದಂಗಾದೆ. ನಮ್ಮ ಭಾವನ ಹಗೆಗೆ ಗುರಿಯಾಗಿ ಒಳಗೊಳಗೇ ಬೆಂದು ಹೋಗಿರಬೇಕಾದ ಮನುಷ್ಯ ಕೆನ್ನೆ ತುಂಬಿಕೊಂಡು, ಎಣ್ಣೆ ಹಚ್ಚಿದ ಬಾಗಿಲಿನಂತೆ ಮಿರಮಿರ ಮಿನುಗುತ್ತಿದ್ದ.

ಅವನು ಚಪ್ಪಲಿ ಬಿಟ್ಟು, ಕಾಯಿಲೆ ಮನೆಗೆ ಬರುವವರ ಹಾಗೆ ತುದಿಗಾಲಲ್ಲಿ ಒಳಗೆ ಬಂದು, ಅಕ್ಕನ ಮುಂದೆ ತಲೆ ತಗ್ಗಿಸಿ ನಿಂತ.

"ಅತ್ತಿಗೆ, ಧೈರ್ಯ ತಂದ್ಕೊಳ್ಳಿ."

"ಯಾಕಪ್ಪಾ? ಏನಾಯ್ತು?" ಅಕ್ಕನ ಕೈಯ ಸೌಟು ಕೆಳಗೆ ಬಿತ್ತು.

"ನನ್ನ ಹತ್ರ ಮುಚ್ಚಿಡಬೇಡಿ. ನಾನು ಹೊರಗಿನವನಲ್ಲ. ದಿನಾ ಎದುರಿಗೇ ನಿಂತು ನೋಡ್ತಿರೋನು. ಅಣ್ಣನ ದನಿ ಪೂರ್ತಿ ಹೋಗಿದೆ ಅನ್ನೋದು ನನಗೆ ಯಾವತ್ತೋ ಗೊತ್ತು. ಕೇಳಿದ್ರೆ ನೊಂದ್ಕೋತಾರೆ ಅಂತ ನಾನೂ ಅವರನ್ನ ಮಾತಿಗೆಳೆಯೋದೇ ಬಿಟ್ಟಿದೀನಿ. ಪಾಪ, ಒಂದು 'ನಿಲ್ಲು' ಅನ್ನೋಕೂ ಆಗದೆ ಕೆಮ್ತಾರೆ. ಆ ಕೆಮ್ಮು ಕೇಳಿದ್ರೆ ನನಗೆ ಕರುಳು ಕಿತ್ತು ಬರುತ್ತೆ ಅತ್ತಿಗೆ. ಆಪರೇಷನ್ ಯಾವಾಗ?"

ಅಕ್ಕ ನನ್ನ ಮುಖ ನೋಡಿದಳು. ನಾನು ಅಕ್ಕನ ಮುಖ ನೋಡಿದೆ. ಈ ಮನುಷ್ಯನಿಗೆ, ತನ್ನ ಮೇಲೊಂದು ಹಗೆ ತಿಂಗಳುಗಟ್ಟಲೆಯಿಂದ ಅವ್ಯಾಹತವಾಗಿ ನಡೆಯುತ್ತಿದೆ ಎಂಬ ವಿಷಯವೇ ಗೊತ್ತಿರಲಿಲ್ಲ!

ಅಷ್ಟರಲ್ಲಿ ಬಚ್ಚಲಿನಿಂದ ಸೂರು ಹಾರಿಹೋಗುವಂಥ ಗರ್ಜನೆ ಕೇಳಿಸಿತು: "ಸೋಪು ಎಲ್ಲಿ ಹಾಳಾಗೋಯ್ತೇ? ಈ ಮನೇಲಿ ಒಂದು ಸೋಪಿಗೂ ಗತಿ ಇಲ್ವಾ?"

ಜೊತೆಗಾರನ ಕಣ್ಣು ಇಷ್ಟಗಲವಾಯಿತು. ಅಕ್ಕ ಮಾತ್ರ, ಆ ಕ್ಷಣದಲ್ಲಿ ಯಾವ ದೇವರು ನುಡಿಸಿದನೋ, "ಅದು... ನಮ್ಮ ಮೈದುನ" ಎಂದುಬಿಟ್ಟಳು. ಅಕ್ಕನಿಗೆ ಮೈದುನನೇ ಇಲ್ಲ.

"ಅಣ್ಣನ ತಮ್ಮನಾ!" ಜೊತೆಗಾರ ಮೂಸಂಬಿ ಚೀಲವನ್ನು ಎದೆಗವಚಿಕೊಂಡ. "ಥೇಟ್ ಅಣ್ಣನ ಹಳೇ ದನಿ ಅತ್ತಿಗೆ. ಹಿಂಗೇ ಕೂಗ್ತಿದ್ರು, 'ಮೆಟ್ಟಿಲೂ' ಅಂತ. ಇಡೀ ಬೀದಿ ತಿರುಗಿ ನೋಡ್ತಿತ್ತು."

ಬಚ್ಚಲಿನ ಬಾಗಿಲು ತೆರೆಯಿತು. ಟವೆಲ್ ಸುತ್ತಿಕೊಂಡು, ತಲೆಯಿಂದ ನೀರು ಸುರಿಸುತ್ತ, ಇನ್ನೊಂದು ಬೈಗುಳಕ್ಕೆ ಬಾಯಿ ತೆರೆದುಕೊಂಡು ಭಾವ ಹೊರಗೆ ಬಂದರು. ಜೊತೆಗಾರನನ್ನು ಕಂಡರು. ತೆರೆದ ಬಾಯಿ ತೆರೆದಂತೆಯೇ ಉಳಿಯಿತು. ಆಮೇಲೆ ಅವರು ನೆಟ್ಟಗೆ ನಿಂತು, ಎದೆಯುಬ್ಬಿಸಿ, ಒಂದು ಸಲ ಕೆಮ್ಮಿದರು.

ಜೊತೆಗಾರ ಇದ್ದಲ್ಲೇ ಕಲ್ಲಾಗಿ ನಿಂತ. ಒಂದು ಕೆಮ್ಮಿಗೆ ನಿಲ್ಲಬೇಕಲ್ಲ.

ನಿಂತವನು ಭಾವನನ್ನು ನೋಡಿದ, ಬಚ್ಚಲಿನ ಬಾಗಿಲನ್ನು ನೋಡಿದ, ಒಳಗಿನಿಂದ ಇನ್ನೂ ಒಬ್ಬ ಗಂಡಸು ಬರಬೇಕಲ್ಲ ಎಂದು ಕಾದ. ಯಾರೂ ಬರಲಿಲ್ಲ. "ಅವರು ಇನ್ನೂ... ಬೆನ್ನುಜ್ಜಿಕೊಳ್ತಿದಾರೆ" ಎಂದಳು ಅಕ್ಕ. ಅಷ್ಟು ಚಿಕ್ಕ ಬಚ್ಚಲಿನಲ್ಲಿ ಅಣ್ಣತಮ್ಮಂದಿರಿಬ್ಬರೂ ಒಟ್ಟಿಗೆ ಸ್ನಾನ ಮಾಡುವುದು ಯಾಕೆ ಎಂದು ಅವನು ಕೇಳಲಿಲ್ಲ. ಬಹಳ ಮರ್ಯಾದಸ್ಥ.

"ಅಣ್ಣ, ನೀವೇನೂ ಆಡಬೇಡಿ, ಗಂಟಲಿಗೆ ಶ್ರಮ. ನಾನು ಯಜಮಾನರಿಗೆ ಎಲ್ಲಾ ಹೇಳಿದೀನಿ. ನಾಳೆಯಿಂದ ನೀವು ಗಾಜು ಎತ್ತೋ ಹಂಗಿಲ್ಲ. ಹಿಂದಿನ ಕೋಣೇಲಿ ಕೂತು ಕನ್ನಡಿ ಒರೆಸಿದ್ರೆ ಸಾಕು. ಕನ್ನಡಕದ ಅಂಗಡಿ ಗಾಜನ್ನ ನಾನೂ, ಯಜಮಾನರು ಕರೆಸ್ತಿರೋ ಹೊಸಬನೂ ಎತ್ತುತೀವಿ. ನೀವು ಚಿಂತೆ ಮಾಡಬೇಡಿ."

ಮೂಸಂಬಿ ಮೇಜಿನ ಮೇಲಿಟ್ಟು, ಕಣ್ಣೊರೆಸಿಕೊಂಡು, "ನಿಮ್ಮ ತಮ್ಮನಿಗೂ ಹೇಳಿ" ಎಂದು ಹೋದ.

ಕನ್ನಡಕದ ಅಂಗಡಿಯ ಗಾಜು ಎಂದರೆ ಸಾಮಾನ್ಯವಲ್ಲ. ಅಷ್ಟು ದೊಡ್ಡ ಹಾಳೆಯನ್ನು ಅವರ ಗಾಜಂಗಡಿಯಲ್ಲಿ ಇದುವರೆಗೆ ಯಾರೂ ಹೊತ್ತಿರಲಿಲ್ಲ. ಭಾವ ತಾವೇ ಹೋಗಿ ಅಳತೆ ತೆಗೆದು ಬಂದಿದ್ದರು. ಅದನ್ನು ಹೊತ್ತ ಮೇಲೆ ಸತ್ತರೂ ಚಿಂತೆಯಿಲ್ಲ ಎನ್ನುತ್ತಿದ್ದರು. ನಾನು ಹಾಗೆಲ್ಲ ಅನ್ನಬೇಡಿ ಎನ್ನುತ್ತಿದ್ದೆ. ಈಗ ಅದು ಹೋಯಿತು. ಜೊತೆಗೆ ಗಾಜಿನ ಹಿಂದಿನ ತುದಿಯೇ ಹೋಯಿತು.

ಆದರೆ ಭಾವನಿಗೆ ಆಘಾತವಾದದ್ದು ಅದರಿಂದಲ್ಲ. ಟವೆಲ್ಲಿನಲ್ಲೇ ಕುರ್ಚಿಗೆ ಕುಸಿದು, "ಹಂಗಾದ್ರೆ ನಾನು ಸಿಟ್ಟು ಮಾಡ್ಕೊಂಡಿರೋದು ಅವನಿಗೆ ಗೊತ್ತೇ ಇಲ್ವಾ?" ಎಂದರು.

"ಇಲ್ಲ ಭಾವ."

"ಒಂದು ಸ್ವಲ್ಪಾನೂ?"

"ಒಂಚೂರೂ ಇಲ್ಲ."

"ಮತ್ತೆ ನಾನು ಇಷ್ಟು ದಿನ ಯಾರಿಗೆ ಸಿಟ್ಟು ಮಾಡಿದ್ದು?"

ಭಾವ ಮೇಲೆದ್ದು ಟವೆಲ್ ಬಿಗಿದುಕೊಂಡರು. "ನಾಳೆ ಹೋಗಿ ಮುಖಕ್ಕೆ ಹೊಡೆದ ಹಾಗೆ ಹೇಳ್ತೀನಿ, 'ಲೋ, ನಾನು ನಿನ್ನ ಜೊತೆ ಮಾತು ಬಿಟ್ಟಿದೀನಿ' ಅಂತ."

"ಅದನ್ನ ಹೇಳಿದ್ರೆ ಮಾತಾಡಿದ ಹಂಗಾಗಲ್ವೇನ್ರೀ?" ಎಂದಳು ಅಕ್ಕ.

ಭಾವ ನಿಂತರು. ಯೋಚಿಸಿದರು. ಹೇಳದಿದ್ದರೆ ಅವನಿಗೆ ಗೊತ್ತಾಗುವುದಿಲ್ಲ, ಹೇಳಿದರೆ ವ್ರತ ಕೆಡುತ್ತದೆ. ಯೋಚನೆ ಮಾಡುತ್ತ ಮಾಡುತ್ತ ಮುಖ ಕೆಂಪಾಯಿತು, ಬಿಳಿಯಾಯಿತು, ಕಣ್ಣು ಮೇಲಾಯಿತು. ನಾನೂ ಅಕ್ಕನೂ ಅವರನ್ನು ಹಿಡಿದುಕೊಂಡು ಆಟೋದಲ್ಲಿ ಕೂರಿಸಿದೆವು.

ಡಾಕ್ಟರಮ್ಮ ಭಾವನ ಬಾಯಿಗೆ ಟಾರ್ಚು ಬಿಟ್ಟು ನೋಡಿ ಹೌಹಾರಿದರು.

"ಯಾವಾಗಿಂದ ಕೆಮ್ಮಿದೆ?"

"ನನಗೆ ಕೆಮ್ಮಿಲ್ಲ ಡಾಕ್ಟ್ರೇ."

"ಕೆಮ್ಮದೆ ಗಂಟಲು ಹಿಂಗೆ ಹಣ್ಣಾಗುತ್ತಾ?"

"ಕೆಮ್ತೀನಿ. ಆದ್ರೆ ಕೆಮ್ಮಿಲ್ಲ."

"ಮತ್ತೆ ಯಾಕೆ ಕೆಮ್ತೀರಿ?"

"ಸಿಟ್ಟಿಗೆ."

ಡಾಕ್ಟರಮ್ಮ ಟಾರ್ಚು ಆರಿಸಿದರು. ನನ್ನ ಕಡೆ ನೋಡಿದರು. ಮನೆಯವರ ಪೈಕಿ ತಲೆ ಸರಿಯಾಗಿರುವವಳು ನಾನೇ ಎಂಬ ನಿರೀಕ್ಷೆ ಆ ನೋಟದಲ್ಲಿತ್ತು. ನಾನು ಆದಷ್ಟು ತೂಗಿ ಅಳೆದು ವಿಷಯ ತಿಳಿಸಿದೆ. ಅವರು ಭಾವನ ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡತೊಡಗಿದರು.

"ಆ ಜೊತೆಗಾರ ಏನಂದ್ರು ಅಂದ್ರಿ?"

"'ಸುಮ್ನೆ ಹಿಂದೆ ಹಿಡ್ಕೊಂಡು ಬರ್ತಾರೆ' ಅಂದ."

ಪಾದರಸ ಸರ್ರನೆ ಮೇಲೇರಿತು. ಡಾಕ್ಟರಮ್ಮ ಕುರ್ಚಿಯಿಂದ ಅರ್ಧ ಎದ್ದರು. "ಬೇಡ ಬೇಡ! ಅವರ ವಿಷಯ ಬಿಡಿ. ಬೇರೆ ಯಾರನ್ನಾದ್ರೂ ನೆನೆಸ್ಕೊಳ್ಳಿ. ನಿಮ್ಮ ಮನೆಯವರನ್ನ ನೆನೆಸ್ಕೊಳ್ಳಿ." ಭಾವ ಕಣ್ಣು ಮುಚ್ಚಿ ಅಕ್ಕನನ್ನು ನೆನೆದರು. ಪಾದರಸ ಇಳಿಯಿತು, ಇಳಿಯುತ್ತ ಇಳಿಯುತ್ತ ಒಂದು ಕಡೆ ನಿಂತು ಮತ್ತೆ ಸ್ವಲ್ಪ ಏರಿತು. "ಸೋಪು ನೆನಪಾಯ್ತು" ಎಂದರು ಭಾವ.

ಡಾಕ್ಟರಮ್ಮ ಪಟ್ಟಿ ಬಿಚ್ಚಿ ತೀರ್ಪು ಕೊಟ್ಟರು. ಹೊಟ್ಟೆಯಲ್ಲಿ ಹುಣ್ಣಾಗುವ ಹಾಗಿದೆ, ದವಡೆ ಬಿಗಿದಿದೆ, ಒತ್ತಡ ಏರಿದೆ. ಗಂಟಲಂತೂ ನಿಜವಾಗಿಯೇ ಕೆಟ್ಟಿದೆ. "ಇವತ್ತಿಂದ ನಾನು ಹೇಳೋವರೆಗೂ ಒಂದಕ್ಷರ ಆಡಬಾರದು. ಪಿಸುಗುಟ್ಟಲೂ ಬಾರದು. ಆಡಿದ್ರೆ ದನಿ ಹೋದದ್ದು ಹೋದಂಗೇ. ಹೊಟ್ಟೆಗೆ, ಒತ್ತಡಕ್ಕೆ ಮಾತ್ರೆ ಬರೆದಿದೀನಿ. ಸಿಟ್ಟಿಗೆ ನನ್ನ ಹತ್ರ ಮಾತ್ರೆ ಇಲ್ಲ. ಹಿಂಗೇ ಮುಂದುವರಿಸಿದ್ರೆ ಅವರು ಹೊರಬೇಕಾಗೋದು ಗಾಜನ್ನಲ್ಲ, ನಿಮ್ಮನ್ನ."

ಹೀಗೆ, ಇಲ್ಲದ ಕಾಯಿಲೆ ಇದ್ದದ್ದಾಯಿತು. ಬೈಯಲು ಎಲ್ಲ ಸಿದ್ಧವಾಗಿದ್ದ ಹೊತ್ತಿಗೆ ಭಾವನ ಬಾಯಿಗೆ ಬೀಗ ಬಿತ್ತು.

ಕಾಯಿಲೆಯ ಸುದ್ದಿ ನಮಗಿಂತ ಮೊದಲೇ ಬೀದಿ ತಲುಪಿತ್ತು. ಎದುರು ಮನೆಯ ಅಜ್ಜಿ ಆಟೋ ನಿಲ್ಲುವ ಮುಂಚೆಯೇ ಓಡಿಬಂದು ಅಕ್ಕನ ಕೈ ಹಿಡಿದುಕೊಂಡರು. "ಗಂಟಲಲ್ಲಿ ಗಾಜು ಸಿಕ್ಕಾಕ್ಕೊಂಡಿದೆಯಂತಲ್ಲೇ ತಾಯಿ! ಎಷ್ಟು ಉದ್ದದ್ದು?" ಭಾವ ಇಲ್ಲ ಎನ್ನಲು ಎರಡೂ ಕೈ ಅಗಲಿಸಿ ಆಡಿಸಿದರು. ಅಜ್ಜಿ ಅವರ ಎರಡು ಕೈಗಳ ನಡುವಿನ ಅಂತರ ನೋಡಿ, "ಅಷ್ಟುದ್ದದ್ದಾ!" ಎಂದು ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಅವರನ್ನು ಎಬ್ಬಿಸಿ ನೀರು ಕುಡಿಸುವಷ್ಟರಲ್ಲಿ ನಮಗೆ ಸಾಕುಸಾಕಾಯಿತು.

ಮಾರನೆಯ ದಿನದಿಂದ ಭಾವ ಹಿಂದಿನ ಕೋಣೆಗೆ ಹೋದರು. ಸುತ್ತಲೂ ಕನ್ನಡಿ, ಕೈಯಲ್ಲೊಂದು ಬಟ್ಟೆ. ಯಾವ ಕಡೆ ತಿರುಗಿದರೂ ಮಾತಾಡಬಾರದ ತಮ್ಮ ಮುಖವೇ. ಸಂಜೆ ಬಂದು ಅಕ್ಕನ ಮುಂದೆ ಕೈಸನ್ನೆಯಲ್ಲಿ ಗೋಳಾಡುತ್ತಿದ್ದರು: ಹೊಸಬನಿಗೆ ತೋಳಿದೆ, ತಲೆಯಿಲ್ಲ, ಗಾಜನ್ನು ತಳ್ಳುಗಾಡಿ ತಳ್ಳಿದ ಹಾಗೆ ತಳ್ಳುತ್ತಾನೆ. ಕನ್ನಡಕದ ಅಂಗಡಿಗೆ ಗಾಜು ಹೊರುವ ದಿನ ಬೆಳಿಗ್ಗೆ ಅವರು ಊಟದ ಡಬ್ಬಿಯನ್ನೂ ಮುಟ್ಟದೆ ನನ್ನ ಮುಂದೆ ಬಂದು ಕೈಮುಗಿದು ನಿಂತರು.

"ನೀನು ಓದಿದವಳು, ಬಂದು ಯಜಮಾನರ ಹತ್ರ ಮಾತಾಡು ಅಂತಿದಾರೆ" ಎಂದಳು ಅಕ್ಕ. "ಕೆಟ್ಟಿರೋದು ಗಂಟಲು, ಕೈಯಲ್ಲ ಅಂತ ಹೇಳಬೇಕಂತೆ."

ನಾನು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋದೆ. ಅದು ವ್ಯರ್ಥವಾಯಿತು. ಅಕ್ಕನೂ ಸೇರಿ ನಾವು ಮೂವರೂ ಕನ್ನಡಕದ ಅಂಗಡಿಯ ಎದುರು ಬರುವಷ್ಟರಲ್ಲಿ ಗಾಜು ಲಾರಿಯಿಂದ ಇಳಿದು ಫುಟ್‌ಪಾತಿನ ಮೇಲಿತ್ತು. ಜೊತೆಗಾರ ಹಿಮ್ಮುಖವಾಗಿ ಹೆಜ್ಜೆ ಇಡುತ್ತಿದ್ದ. ಹಿಂದಿನ ತುದಿಯಲ್ಲಿ ಹೊಸಬ, ಬುಲ್ಡೋಜರಿನ ಹಾಗೆ. ಯಜಮಾನರು ಕೈ ಹಿಸುಕಿಕೊಳ್ಳುತ್ತ ಪಕ್ಕದಲ್ಲೇ ನಡೆಯುತ್ತಿದ್ದರು. ನೋಡಲು ಜನ ಸೇರಿದ್ದರು. ಆ ಗಾಜು ಎಷ್ಟು ಸ್ವಚ್ಛವಾಗಿತ್ತೆಂದರೆ ಇಬ್ಬರು ಗಂಡಸರು ಖಾಲಿ ಗಾಳಿಯನ್ನು ಬಹಳ ಕಷ್ಟಪಟ್ಟು ಹೊತ್ತುಕೊಂಡು ಹೋಗುತ್ತಿದ್ದಂತೆ ಕಾಣುತ್ತಿತ್ತು.

ಹೊಸಬ ಸರಿಯಾಗಿಯೇ ಕೂಗುತ್ತಿದ್ದ. "ಬನ್ನಿ, ಬನ್ನಿ, ಬನ್ನಿ..." ಬಾಗಿಲು ಇನ್ನು ನಾಲ್ಕು ಹೆಜ್ಜೆ. ಭಾವ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಲಾರಿಯವನು ಇಂಜಿನ್ ಚಾಲೂ ಮಾಡಿದ. ಹೊಗೆ ಬಂದು ಭಾವನ ಮುಖಕ್ಕೆ ಹೊಡೆಯಿತು.

ಭಾವ ಕೆಮ್ಮಿದರು. ಈ ಸಲ ಸಿಟ್ಟಿಗಲ್ಲ, ನಿಜವಾಗಿ. ಒಂದೇ ಒಂದು ಸಲ.

ಜೊತೆಗಾರ ಆ ಕೆಮ್ಮನ್ನು ಇಡೀ ಬೀದಿಯ ಗದ್ದಲದಲ್ಲೂ ಗುರುತಿಸಿದ. ಅವನ ಎರಡು ಕಾಲೂ ನೆಲಕ್ಕೆ ಅಂಟಿದವು. ಹೊಸಬನ ಕಾಲು ನಿಲ್ಲಲಿಲ್ಲ.

ಸದ್ದು ಹೇಗಿತ್ತೆಂದು ಹೇಳಲಾರೆ. ನಾನು ಕಣ್ಣು, ಕಿವಿ ಎರಡನ್ನೂ ಮುಚ್ಚಿಕೊಂಡಿದ್ದೆ. ಕಣ್ಣು ತೆರೆದಾಗ ಗಾಜು ಇರಲಿಲ್ಲ. ಇಬ್ಬರೂ ಕೈಗಳನ್ನು ಹಾಗೇ ಚಾಚಿಕೊಂಡು ನಿಂತಿದ್ದರು. ನಡುವೆ, ಒಂದು ಮೂಟೆ ಸಕ್ಕರೆ ಒಡೆದು ಸುರಿದಂತೆ, ಹರಳು ಹರಳಾಗಿ ರಾಶಿ. ಪುಣ್ಯಕ್ಕೆ ಅದು ಚೂಪಾಗಿ ಒಡೆಯದ ಜಾತಿಯ ಗಾಜು, ಯಾರಿಗೂ ಗೀರು ಕೂಡ ಆಗಲಿಲ್ಲ.

ಹೊಸಬ ಕೈಗವಸು ಬಿಚ್ಚಿ ಯಜಮಾನರ ಕೈಗಿಟ್ಟು, "ನನಗೆ ಈ ಕೆಲಸ ಬೇಡ ಸ್ವಾಮಿ" ಎಂದು ಹೊರಟೇಹೋದ. ಯಜಮಾನರು ಕೈಗವಸು ಹಿಡಿದುಕೊಂಡು ಜೊತೆಗಾರನ ಮುಂದೆ ಬಂದರು.

"ಯಾಕೋ ನಿಂತೆ?"

"ಅಣ್ಣ ನಿಲ್ಲು ಅಂದ್ರು."

"ಅವನು ಎಲ್ಲಿ ಅಂದ? ಅವನಿಗೆ ದನಿಯೇ ಇಲ್ಲ ಅಂದವನು ನೀನೇ ಅಲ್ವಾ?"

"ಕೆಮ್ಮಿದ್ರು ಯಜಮಾನ್ರೇ. ಒಂದು ಕೆಮ್ಮಿದ್ರೆ ನಿಲ್ಲಬೇಕು."

"ಬೀದೀಲಿ ಹೋಗೋರೆಲ್ಲ ಕೆಮ್ತಾರೆ! ಕೆಮ್ಮಿದವರ ಮಾತು ಕೇಳಿ ಗಾಜು ಹೊರ್ತೀಯಾ? ನಾಳೆಯಿಂದ ನೀನು ಬರಲೇಬೇಡ."

ಭಾವ ಮುಂದೆ ನುಗ್ಗಿ ಕೈಬೀಸತೊಡಗಿದರು. ತಮ್ಮ ಎದೆ ಮುಟ್ಟಿಕೊಂಡರು, ಗಂಟಲು ಮುಟ್ಟಿಕೊಂಡರು, ಜೊತೆಗಾರನ ಕಡೆ ಬೆರಳು ಮಾಡಿ ಇಲ್ಲ ಇಲ್ಲ ಎಂದು ತಲೆಯಾಡಿಸಿದರು. ಯಜಮಾನರು ನನ್ನ ಕಡೆ ತಿರುಗಿದರು. "ಏನಂತಮ್ಮ ಇವನದು?"

"ತಪ್ಪು ತಮ್ಮದು ಅಂತಿದಾರೆ" ಎಂದೆ. "ಆ ಕೆಮ್ಮು ಕಾಯಿಲೆಯಿಂದ ಶುರುವಾದದ್ದಲ್ಲ. ಇವರಿಗೆ ಅವರ ಬಗ್ಗೆ ಸ್ವಲ್ಪ ಅಸಮಾಧಾನ ಇತ್ತು..."

ಭಾವ ಜೋರಾಗಿ ತಲೆಯಾಡಿಸಿದರು. ಸ್ವಲ್ಪ ಎಂಬುದಕ್ಕೆ ಅವರ ಆಕ್ಷೇಪವಿತ್ತು.

"ಸಾಕಷ್ಟು ಅಸಮಾಧಾನ ಇತ್ತು..."

"ಏಯ್, ಬಿಡೇ ನಿನ್ನ ಅಸಮಾಧಾನ!" ಅಕ್ಕ ನನ್ನನ್ನು ಪಕ್ಕಕ್ಕೆ ಸರಿಸಿದಳು. "ಸಿಟ್ಟು ಯಜಮಾನ್ರೇ, ಸಿಟ್ಟು! ಇವನ ಜೊತೆ ಮಾತು ಬಿಟ್ಟಿದ್ರು. ಅದಕ್ಕೇ ಕೆಮ್ತಿದ್ರು. ಮಾತ್ರೆ ನುಂಗ್ತಿರೋದೂ ಅದಕ್ಕೇ. ಬಚ್ಚಲಲ್ಲಿ ಕೂಗಿದ್ದೂ ಇವರೇ, ನನಗೆ ಮೈದುನನೂ ಇಲ್ಲ, ಮಣ್ಣೂ ಇಲ್ಲ!"

ಜೊತೆಗಾರನ ಮುಖದ ಬಣ್ಣ ಇಳಿದುಹೋಯಿತು. "ಸಿಟ್ಟಾ? ನನ್ನ ಮೇಲಾ?" ಎಂದು ಎದೆಯ ಮೇಲೆ ಕೈಯಿಟ್ಟುಕೊಂಡ. "ನಿಮ್ಮ ಗಂಟಲಿಗೆ ಹೊಗೆ ಆಗಲ್ಲ ಅಂತ ನಾನು ಸಿಗರೇಟು ಬಿಟ್ಟೆ ಅಣ್ಣ! ದಿನಾ ಬೆಳಿಗ್ಗೆ ಎದ್ದು ನಾನೇ ನೀರು ಕಾಯಿಸಿದೆ. ನೀವು ಮಾತಾಡಲ್ಲ ಅಂತ ನಾನೂ ಒಂದು ಹಾಡು ಗುನುಗದೆ ಗಾಜು ಹೊತ್ತೆ. ನೀವು... ನನ್ನ ಮೇಲೆ ಸಿಟ್ಟು ಮಾಡ್ಕೊಂಡು ನನ್ನ ಬಿಸಿನೀರು ಕುಡಿದ್ರಾ?"

ಭಾವ ತಲೆ ತಗ್ಗಿಸಿದರು. ಮುಖ ತಿರುಗಿಸಿಕೊಂಡು ಕುಡಿದದ್ದನ್ನು ಸನ್ನೆಯಲ್ಲಿ ಹೇಳುವುದು ಕಷ್ಟ.

"ಆಯ್ತು" ಎಂದ ಜೊತೆಗಾರ. "ಇವತ್ತಿಂದ ನಾನೂ ಮಾತು ಬಿಟ್ಟೆ."

ಅವನು ಬಿಟ್ಟದ್ದು ಬಿಟ್ಟಂತೆಯೇ. ಯಜಮಾನರು ಬೈದು ಬೈದು ದಣಿದರು. ಆದರೆ ಹೊಸಬ ಓಡಿಹೋಗಿದ್ದ, ಇನ್ನೊಂದು ಹಾಳೆಗೆ ಹೇಳಿಯಾಗಿತ್ತು, ಅದನ್ನು ಹೊರುವವರು ಈ ಇಬ್ಬರ ಹೊರತು ಯಾರೂ ಇರಲಿಲ್ಲ. ಗಾಜು ಬಂದ ದಿನ ಅವರು ಇಬ್ಬರನ್ನೂ ಕನ್ನಡಕದ ಅಂಗಡಿಯ ಮುಂದೆ ನಿಲ್ಲಿಸಿ ಜೊತೆಗಾರನನ್ನೇ ಕೇಳಿದರು: "ನೋಡಪ್ಪಾ, ಹೋದ ಸಲ ಬೆನ್ನು ಕೊಟ್ಟು ನಡೆದವನು ನೀನು. ಇವನು ಹಿಂದೆ ಇರಲೋ, ಕನ್ನಡಿ ಕೋಣೆಗೆ ಕಳಿಸಲೋ? ನೀನು ಬೇಡ ಅಂದ್ರೆ ಬೇಡ. ಇನ್ನೆಲ್ಲಿಂದಾದ್ರೂ ಆಳು ಕರೆಸ್ತೀನಿ."

ಭಾವ ಕನ್ನಡಿ ಒರೆಸುವ ಬಟ್ಟೆಯನ್ನು ಹಿಂಡುತ್ತ ನಿಂತಿದ್ದರು. ನನ್ನೊಂದಿಗೆ ನೋಡಲು ಬಂದಿದ್ದ ಅಕ್ಕ ನನ್ನ ಕೈ ಹಿಡಿದುಕೊಂಡಳು. ಜೊತೆಗಾರ ಭಾವನ ಕಡೆ ನೋಡಲೇ ಇಲ್ಲ. ಯಜಮಾನರಿಗೇ ಹೇಳಿದ:

"ಅವರ ಜೊತೆ ಮಾತಾಡಲ್ಲ. ಆದ್ರೆ ಬೇರೆಯವರನ್ನ ನಂಬಿ ಬೆನ್ನು ಕೊಡಲ್ಲ."

ಗಾಜು ಎತ್ತಲು ಬಾಗಿದ ಮೇಲೆ ಹೊಸ ಸಮಸ್ಯೆ ತಲೆ ಹಾಕಿತು. ಭಾವ ಆಡುವಂತಿಲ್ಲ, ಕೆಮ್ಮುವಂತೆಯೂ ಇಲ್ಲ. ದಾರಿ ಹೇಳುವವರು ಯಾರು? ಯಜಮಾನರಿಗೆ ಹೋದ ಸಲದ ಒಡಕಿನಿಂದ ದನಿ ನಡುಗುತ್ತಿತ್ತು.

"ಇವಳಿದಾಳಲ್ಲ" ಎಂದಳು ಅಕ್ಕ. "ಗ್ಯಾಸ್ ಆರಿಸಿದ್ರಾ, ಚಿಲಕ ಹಾಕಿದ್ರಾ, ನೆಲ ಒದ್ದೆ ಇದೆ ಜಾರಬೇಡಿ ಅಂತ ಇಡೀ ದಿನ ಇವಳ ಬಾಯಲ್ಲಿ ಅದೇ. ಹೊರಗಿನವರಿಗೂ ಒಂದಿಷ್ಟು ಉಪಯೋಗ ಆಗ್ಲಿ."

ನಾನು ಬೇಡ ಎನ್ನುವಷ್ಟರಲ್ಲಿ ಗಾಜು ನೆಲ ಬಿಟ್ಟಿತ್ತು. ಇನ್ನು ಸುಮ್ಮನಿರುವುದು ಹೇಗೆ? "ನಿಧಾನ! ಎಡಕ್ಕೆ ಸೈಕಲ್ಲಿದೆ. ಬಿಡಿ, ಸೈಕಲ್ಲು ದೂರ ಇದೆ, ಆದರೂ ನೋಡಿಕೊಳ್ಳಿ. ಕಾಲ ಬುಡದಲ್ಲಿ ಬಾಳೆಹಣ್ಣಿನ ಸಿಪ್ಪೆ. ಅಲ್ಲ, ಅದು ಕಾಗದ. ಆದರೂ ತುಳಿಯಬೇಡಿ. ಮೆಟ್ಟಿಲು! ಮೆಟ್ಟಿಲು ಬಂತು! ಇನ್ನೊಂದಿದೆ!" ಒಂದು ನಾಯಿ ಎದ್ದು ದೂರ ಹೋಗಿ ಮಲಗಿತು. ಕನ್ನಡಕದ ಅಂಗಡಿಯವರು ಹೆದರಿ ಒಳಗಿನ ಕುರ್ಚಿಗಳನ್ನೆಲ್ಲ ಗೋಡೆಗೆ ಒತ್ತರಿಸಿದರು. ಇಬ್ಬರು ಗಂಡಸರೂ ತುಟಿ ಪಿಟ್ಟೆನ್ನದೆ, ಒಬ್ಬರ ಹೆಜ್ಜೆಗೆ ಒಬ್ಬರು ಹೆಜ್ಜೆ ಕೂಡಿಸಿ, ಹಾಳೆಯನ್ನು ಚೌಕಟ್ಟಿನ ಸಂದಿಗೆ ಇಳಿಸಿದರು. ಅದು ಠಪ್ಪೆಂದು ಕೂತಿತು.

ಕೂತ ಮೇಲೆ ನೋಡಿದರೆ ಭಾವ ಗಾಜಿನ ಒಳಗಡೆ, ಜೊತೆಗಾರ ಹೊರಗಡೆ. ಇಬ್ಬರೂ ಎದುರುಬದುರು. ಜನ ಚಪ್ಪಾಳೆ ತಟ್ಟಿದರು. ಯಜಮಾನರು ಬೆವರು ಒರೆಸಿಕೊಂಡರು.

ಭಾವ ಗಾಜಿನ ಹತ್ತಿರ ಬಂದರು. ಡಾಕ್ಟರಮ್ಮ ಹೇಳಿದ್ದು ನೆನಪಿದ್ದಂತೆ ಒಮ್ಮೆ ಗಂಟಲು ಮುಟ್ಟಿಕೊಂಡರು. ಆಮೇಲೆ ಬಾಯಿ ತೆರೆದರು.

"ತಪ್ಪಾಯ್ತು ಕಣೋ" ಎಂದರು. ಮರ ಕೊಯ್ದಂಥ ದನಿ.

ಜೊತೆಗಾರ ಗಾಜಿನಾಚೆ ನಿಂತು ಅವರ ತುಟಿಗಳನ್ನು ನೋಡಿದ. ಮುಖ ಸಡಿಲಿಸಲಿಲ್ಲ. ಕೇಳಿಸಲಿಲ್ಲ ಎಂಬಂತೆ ತಲೆಯಾಡಿಸಿದ.

ಗಾಜು ದಪ್ಪದ್ದು, ನಿಜ. ಆದರೆ ಅದರ ಪಕ್ಕದಲ್ಲೇ ಬಾಗಿಲು ಇನ್ನೂ ಕೂರಿಸಿರಲಿಲ್ಲ. ಆಳೆತ್ತರದ ಖಾಲಿ ಜಾಗ ಹಾಗೇ ಇತ್ತು. ಅದರ ಮೂಲಕ ಅಂಗಡಿಯೊಳಗಿನ ಗಡಿಯಾರದ ಟಿಕ್ ಟಿಕ್ ಕೂಡ ಬೀದಿಯಲ್ಲಿದ್ದ ನನಗೆ ಕೇಳಿಸುತ್ತಿತ್ತು.

"ತಪ್ಪಾಯ್ತು!" ಭಾವ ಇನ್ನೂ ಗಟ್ಟಿಯಾಗಿ ಹೇಳಿದರು.

ಜೊತೆಗಾರ ಕಿವಿಗೆ ಕೈ ಹಿಡಿದು, ಗಾಜಿಗೆ ಮುಖ ತಂದು, "ಏನಂದ್ರಿ?" ಎಂದ.

ಮಾತಾಡಿದ! ಭಾವನ ಮುಖ ಅರಳಿತು. ನನಗೆ ಮಾತ್ರ ಗಂಟಲಿನ ಚಿಂತೆ. ಅವರು ಮೂರನೆಯ ಸಲಕ್ಕೆ ಉಸಿರೆಳೆದುಕೊಳ್ಳುವುದು ಕಂಡು, "ಭಾವ, ಬೇಡ, ಡಾಕ್ಟರು..." ಎಂದು ಓಡಲು ಹೊರಟೆ.

ಅಕ್ಕ ನನ್ನ ಸೆರಗು ಹಿಡಿದು ನಿಲ್ಲಿಸಿದಳು.

"ಹೇಳ್ಲಿ ಬಿಡೇ. ಅವನಿಗೆ ಇನ್ನೂ ಸರಿಯಾಗಿ ಕೇಳಿಸಿಲ್ಲ."